ತದ್ರೂಪಿಗೆ ಅರ್ಥ ಹೇಳಿದ್ದು

ಸಿನಿಮಾದ ತಗಡಿನ ಪೆಟ್ಟಿಗೆ ಬೆಂಗಳೂರಿನ ಬಸ್ಸಿನಲ್ಲಿ ಪುತ್ತೂರಿಗೆ ಬಂದದ್ದು ಒಂದು ಸೋಮವಾರ. ಅದನ್ನು ಇಳಿಸಿಕೊಳ್ಳಲು ಹೋದವರು ಭಾವ. ಭಾವ ಎಂದರೆ ನನ್ನ ಅಕ್ಕನ ಗಂಡ. ಪೇಟೆಯಲ್ಲಿ ಅವರದ್ದೊಂದು ರೇಡಿಯೋ ರಿಪೇರಿ ಅಂಗಡಿ, ಅದರ ಜತೆಗೆ ಒಂದು ಹದಿನಾರು ಎಂಎಂ ಪ್ರೊಜೆಕ್ಟರ್. ಶಾಲೆಯವರು, ಯುವಕ ಮಂಡಲದವರು ಕರೆದಲ್ಲಿಗೆ ಹೋಗಿ ಸಿನಿಮಾ ತೋರಿಸುತ್ತಿದ್ದರು. ಅಕ್ಕ ತೀರಿಹೋಗಿ ಆಗ ಹನ್ನೊಂದು ತಿಂಗಳಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ವಿಜ್ಞಾನ ಅಧ್ಯಾಪಕರ ಒಂದು ಕೂಟದವರು ಪುತ್ತೂರು, ಸುಳ್ಯ, ಕಡಬ ಈ ಮೂರು ಕಡೆ ಒಂದು ಇಂಗ್ಲಿಷ್ ಸಿನಿಮಾ ತೋರಿಸಬೇಕೆಂದು ಹೊರಟಿದ್ದರು. ಕೆಳಗೆ ಒಂದಕ್ಷರ ಕನ್ನಡವಿಲ್ಲದ ಸಿನಿಮಾ. ಮೈಕ್ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋಗಲು ಒಬ್ಬ ಉಪನ್ಯಾಸಕರನ್ನು ಗೊತ್ತು ಮಾಡಿದ್ದರು. ಅವರಿಗೆ ಕಾಮಾಲೆ ಹಿಡಿಯಿತು. ಭಾವ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತು ಕೇಳಿದರು.

"ಮೂರು ಕಡೆ ಹೇಳ್ಲಿಕ್ಕೆ ಉಂಟು. ನಿನಗೆ ಆಗ್ತದಾ?"

"ಎಂತದರ ಕತೆ ಭಾವ?"

"ಮನುಷ್ಯನ ನಕಲು ಮಾಡುದಂತೆ. ನನಗೂ ಸರಿ ಗೊತ್ತಿಲ್ಲ."

ನಾನು ಉತ್ತರಿಸುವ ಮೊದಲೇ ಅಮ್ಮ ಒಳಗಿನಿಂದ, "ಆಗ್ತದೆ, ಆಗ್ತದೆ, ಅವಳಿಗೆ ಸಂಜೆ ಎಂತ ಕೆಲಸ ಉಂಟು" ಎಂದರು. ಅಮ್ಮನಿಗೆ ಸಿನಿಮಾದ ಚಿಂತೆ ಇರಲಿಲ್ಲ. ವಿಷಯ ಬೇರೆ. ಅಕ್ಕನ ಜಾಗಕ್ಕೆ ನಾನು ಹೋಗಬೇಕು, ಅಂದರೆ ಭಾವನನ್ನು ನಾನು ಮದುವೆಯಾಗಬೇಕು ಎಂದು ಅಪ್ಪ ಅಮ್ಮ ತೀರ್ಮಾನಿಸಿದ್ದರು. ಅಕ್ಕನ ಮೂರು ವರ್ಷದ ಮಗಳು ನಮ್ಮಲ್ಲೇ ಇದ್ದಳು. ನನಗೆ ಇಪ್ಪತ್ತಾರು. ಅಕ್ಕನ ವರ್ಷಾಂತದ ತಿಥಿಯ ಮೊದಲು ನನ್ನ ಉತ್ತರ ಬೇಕು ಎಂದು ಅಪ್ಪ ಹೇಳಿದ್ದರು. ಭಾವನನ್ನೂ ಕೇಳಿದ್ದರಂತೆ. "ಅವಳು ಒಪ್ಪಿದರೆ ಆಗಬಹುದು" ಎಂದಿದ್ದರಂತೆ. ಈ 'ಆಗಬಹುದು' ಎನ್ನುವುದನ್ನು ನಾನು ಎಷ್ಟು ಸಲ ಮಗುಚಿ ಹಾಕಿ ನೋಡಿದ್ದೆನೋ. ಈ ಸಲದ ರೇಷನ್ ಅಕ್ಕಿ ಹೇಗಿದೆ ಎಂದು ಕೇಳಿದರೂ ಜನ ಅದನ್ನೇ ಹೇಳುತ್ತಾರೆ.

ಆ ದಿನಗಳಲ್ಲಿ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ತರಗತಿಯಲ್ಲಿ ಚಾಕ್ ಮುರಿಯುತ್ತಿತ್ತು. ಉತ್ತರಪತ್ರಿಕೆ ತಿದ್ದಲು ಕೂತರೆ ಒಂದೇ ಹಾಳೆಗೆ ಎರಡು ಸಲ ಅಂಕ ಹಾಕುತ್ತಿದ್ದೆ. ಕೈಗೆ ಒಂದು ಕೆಲಸ ಸಿಕ್ಕಿತಲ್ಲ ಎಂದು ಒಪ್ಪಿಕೊಂಡೆ.

ಕೆಲಸ ಹೀಗೆ. ಸಿನಿಮಾ ಮೂರು ರೀಲು. ಶಾಲೆ ಬಿಟ್ಟ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು, ಹಿಂದಿನ ಕೋಣೆಯ ಸುಣ್ಣದ ಗೋಡೆಯ ಮೇಲೆ ಭಾವ ಸ್ವಲ್ಪ ಸ್ವಲ್ಪ ಓಡಿಸುವುದು. ನಾನು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಎಡಗಡೆ ಕಾಣುವುದನ್ನು, ಬಲಗಡೆ ಮಾತನ್ನು ಬರೆಯುವುದು. ಸಿನಿಮಾದವರ ಇಂಗ್ಲಿಷ್ ಮೂಗಿನಿಂದ ಬರುತ್ತಿತ್ತು. ನಾನು ಕಲಿಸುವ ಇಂಗ್ಲಿಷಿಗೂ ಅದಕ್ಕೂ ದೂರದ ನಂಟು. ಒಂದು ಮಾತಿಗೆ ನಾಲ್ಕು ಸಲ ಹಿಂದೆ ತಿರುಗಿಸಬೇಕು. ತಿರುಗಿಸಿದಷ್ಟೂ ಫಿಲ್ಮಿಗೆ ಗೀರು ಬೀಳುತ್ತದೆ ಎಂದು ಭಾವನಿಗೆ ಸಂಕಟ. ಪ್ರತಿ ಮಾತಿಗೆ ಎಷ್ಟು ಹೊತ್ತು ಸಿಗುತ್ತದೆ ಎಂದು ಒಂದು, ಎರಡು, ಮೂರು ಎಂದು ಎಣಿಸಿ ಪಕ್ಕದಲ್ಲಿ ಬರೆಯುತ್ತಿದ್ದೆ. 'ಬಾಗಿಲು ತೆರೆಯುತ್ತಾನೆ, ಎಣಿಕೆ ಎಂಟು.' ನಾನು ಹೇಳುವಾಗ ಸಿನಿಮಾದ ಸ್ವರ ಇಳಿಯಬೇಕು, ನಾನು ನಿಲ್ಲಿಸಿದಾಗ ಏರಬೇಕು. ಅದಕ್ಕೆ ನಾನು ಎಡಗೈಯ ಬೆರಳು ಎತ್ತುವುದು, ಭಾವ ಗುಂಡಿ ತಿರುಗಿಸುವುದು ಎಂದು ಮಾಡಿಕೊಂಡೆವು.

ಕತೆ ಹಿಮ ಬೀಳುವ ಯಾವುದೋ ಊರಿನದ್ದು. ಒಬ್ಬ ವಿಜ್ಞಾನಿಯ ಹೆಂಡತಿ ಸಾಯುತ್ತಾಳೆ. ಅವಳ ಮೈಯಿಂದ ಮೊದಲೇ ತೆಗೆದಿಟ್ಟಿದ್ದ ಒಂದು ಚೂರಿನಿಂದ ಅವನು ಗಾಜಿನ ತೊಟ್ಟಿಯಲ್ಲಿ ಇನ್ನೊಬ್ಬಳನ್ನು ಬೆಳೆಸುತ್ತಾನೆ. ಅದೇ ಮುಖ, ಅದೇ ಕೂದಲು. ತದ್ರೂಪಿ ಎಂದು ನಾನು ಬರೆದುಕೊಂಡೆ. ಆ ಮನೆಯ ಅಡುಗೆಯವನೂ ತೋಟದವನೂ ಹೀಗೇ ತೊಟ್ಟಿಯಿಂದ ಬಂದವರು, ಬೇರೆ ಯಾರದೋ ತದ್ರೂಪಿಗಳು. ಊಟಕ್ಕೆ ಕೂತಾಗ ಅವರಿಬ್ಬರು ಒಬ್ಬರಿಗೊಬ್ಬರು ರೊಟ್ಟಿ ಮುರಿದು ಕೊಡುತ್ತಾರೆ. ಯಾರೂ ಕಲಿಸಿದ್ದಲ್ಲ. ಎರಡನೇ ರೀಲಿನಲ್ಲಿ ವಿಜ್ಞಾನಿ ಅವಳಿಗೆ ಸತ್ತವಳ ಕೋಟು ತೊಡಿಸುತ್ತಾನೆ, ಸತ್ತವಳ ನಡಿಗೆ ಕಲಿಸುತ್ತಾನೆ, ಸತ್ತವಳ ಹೆಸರು ಹಿಡಿದು ಕರೆಯುತ್ತಾನೆ.

ಆ ದೃಶ್ಯ ಗೋಡೆಯ ಮೇಲೆ ಓಡುವಾಗ ನಾನು ಪೆನ್ಸಿಲಿನ ತುದಿ ಕಚ್ಚುತ್ತಾ ಕೂತಿದ್ದೆ. ಹಿಂದಿನ ವಾರವಷ್ಟೇ ಅಮ್ಮ ಅಕ್ಕನ ಸೀರೆಯ ಪೆಟ್ಟಿಗೆಯನ್ನು ನನ್ನ ಮಂಚದ ಹತ್ತಿರ ತಂದಿಟ್ಟು, "ಉಟ್ಟು ಹಾಳು ಮಾಡು, ಸುಮ್ಮನೆ ಹುಳ ತಿನ್ನುದು ಬೇಡ" ಎಂದಿದ್ದರು. ಪ್ರೊಜೆಕ್ಟರಿನ ಬೆಳಕಿನಲ್ಲಿ ಭಾವನ ಅರ್ಧ ಮುಖ ಕಾಣುತ್ತಿತ್ತು. "ಇದನ್ನು ಇನ್ನೊಮ್ಮೆ ನೋಡ್ಬೇಕಾ?" ಎಂದು ಕೇಳಿದರು. ಬೇಡ ಎಂದೆ.

ಮೂರನೇ ದಿನ ಅವರು ನನಗೆ ಹೋಟೆಲಿನಿಂದ ಸಕ್ಕರೆಯಿಲ್ಲದ ಚಹಾ ತರಿಸಿದರು. ನಾನು ಹೇಳಿರಲಿಲ್ಲ. ಎರಡು ದಿನ ಅರ್ಧ ಲೋಟ ಬಿಟ್ಟದ್ದನ್ನು ನೋಡಿ ಗೊತ್ತು ಮಾಡಿಕೊಂಡಿದ್ದರು. ಅಕ್ಕ ಲೋಟಕ್ಕೆ ಮೂರು ಚಮಚ ಹಾಕುವವಳು. ಆ ಚಹಾ ಕುಡಿಯುವಾಗ ನನಗಾದ ಸಂತೋಷವನ್ನು ಮುಚ್ಚಿಡುವುದು ಕಷ್ಟವಾಯಿತು. ಅವರು ಫಿಲ್ಮಿನ ತುಂಡಾದ ಜಾಗವನ್ನು ಬ್ಲೇಡಿನಲ್ಲಿ ಕೆರೆದು, ಅಂಟು ಹಚ್ಚಿ, ಒತ್ತಿ ಹಿಡಿದು, ಮೆಲ್ಲಗೆ ಊದಿ ಧೂಳು ಹಾರಿಸುತ್ತಿದ್ದರು. ಊದುವಾಗ ಹುಬ್ಬು ಮೇಲೇರುತ್ತಿತ್ತು. ನಾನು ಬರೆಯುವುದು ಬಿಟ್ಟು ಅದನ್ನೇ ನೋಡುತ್ತಿದ್ದೆ. ಇಷ್ಟವಾಯಿತು ಎಂದು ನೇರವಾಗಿ ಹೇಳುವುದೇ ಒಳ್ಳೆಯದು. ಮನೆಯವರು ಹೇಳಿದ್ದಕ್ಕಾಗಿ ಅಲ್ಲ, ಮಗುವಿಗಾಗಿಯೂ ಅಲ್ಲ.

ಮರುದಿನ ಅವರು ಬಗ್ಗಿ ಕೆಲಸ ಮಾಡುತ್ತಲೇ, ತಲೆಯೆತ್ತದೆ, ಅಕ್ಕನ ಹೆಸರು ಹಿಡಿದು, "ಆ ಅಂಟಿನ ಬಾಟ್ಲಿ ಕೊಡು" ಎಂದರು. ನಾನು "ಹಾಂ" ಎಂದು ಓಗೊಟ್ಟು ಬಾಟ್ಲಿ ಕೊಟ್ಟೆ. ಇಬ್ಬರಿಗೂ ಗೊತ್ತಾಯಿತು. ಅವರು ಬಾಟ್ಲಿಯ ಮುಚ್ಚಳ ತಿರುಗಿಸಿದರು. ಮನೆಗೆ ಹೋಗುವ ದಾರಿಯುದ್ದಕ್ಕೂ ನಾನೇಕೆ ಓಗೊಟ್ಟೆ ಎಂದು ನನ್ನನ್ನೇ ಬೈದುಕೊಂಡೆ.

ಮೂರನೇ ರೀಲಿನಲ್ಲಿ ವಿಜ್ಞಾನಿಯ ಗೆಳೆಯನಾದ ಡಾಕ್ಟರು ತದ್ರೂಪಿಯ ಬೆರಳುಗಳಿಗೆ ವಯರು ಸುತ್ತಿ ಪರೀಕ್ಷೆ ಮಾಡುತ್ತಾನೆ. ಮನಸ್ಸು ಕಲಕಿದರೆ ಕಾಗದದ ಮೇಲೆ ಮುಳ್ಳು ಏರುವ ಯಂತ್ರ. ವಿಜ್ಞಾನಿ ಕೋಣೆಗೆ ಬಂದ ಕೂಡಲೇ ಮುಳ್ಳು ಏರುತ್ತದೆ. ಇವಳಿಗೆ ನಿನ್ನ ಮೇಲೆ ಪ್ರೀತಿಯಿದೆ ಎನ್ನುತ್ತಾನೆ ಡಾಕ್ಟರು. ವಿಜ್ಞಾನಿ ಒಪ್ಪುವುದಿಲ್ಲ. ಈ ಪ್ರೀತಿ ಇವಳದ್ದಲ್ಲ, ಸತ್ತವಳದ್ದು, ಆ ಚೂರಿನ ಜತೆ ಬಂದದ್ದು ಎನ್ನುತ್ತಾನೆ. ಅವಳು ಅವನನ್ನು ನೋಡುತ್ತಾ ನಿಲ್ಲುತ್ತಾಳೆ. ಮಾತಿಲ್ಲ. ನಾನು ಎಣಿಸಿದೆ, ನಲವತ್ತು. ಆಮೇಲೆ ಬಾಗಿಲು ತೆರೆದು ಹಿಮದಲ್ಲಿ ನಡೆದುಬಿಡುತ್ತಾಳೆ. ಅವನು ತಡವಾಗಿ ಹುಡುಕಿಕೊಂಡು ಹೋಗುತ್ತಾನೆ, ಸಿಗುವುದಿಲ್ಲ.

ಶುಕ್ರವಾರ ಕೂಟದ ಮುಖ್ಯಸ್ಥರು ನನ್ನ ಅಭ್ಯಾಸ ಕೇಳಲು ಅಂಗಡಿಗೆ ಬಂದರು. ನಿವೃತ್ತ ಹೆಡ್‌ಮಾಸ್ಟರು, ನ್ಯಾಯವಂತರು, ನಗು ಕಡಿಮೆ. ನಾನು ಶುರು ಮಾಡಿ ಐದು ನಿಮಿಷವಾಗಿರಲಿಲ್ಲ, ಕೈ ಅಡ್ಡ ಹಿಡಿದರು.

"ಟೀಚರೇ, ಇದೆಂತ? 'ನಾನು ಕಣ್ಣು ಬಿಟ್ಟೆ, ನನಗೆ ಚಳಿಯಾಯಿತು' ಹೇಳಿ ನೀವು ಹೇಳುದು ಯಾಕೆ? ನಿಮಗೆ ಎಲ್ಲಿ ಚಳಿಯಾಯಿತು?"

ತಪ್ಪು ನನ್ನ ಮನೆಯದ್ದು. ಅಪ್ಪ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಕೂತಲ್ಲೇ ಪಾತ್ರವಾಗಿ ಮಾತಾಡುವುದು, ಎದುರು ಪಾತ್ರದೊಡನೆ ವಾದ ಮಾಡುವುದು, ಅದಕ್ಕೇ ಅರ್ಥ ಹೇಳುವುದು ಎನ್ನುತ್ತಾರೆ. ಅಲ್ಲಿ 'ರಾಜ ಹೀಗೆಂದ' ಎಂಬ ಕ್ರಮವಿಲ್ಲ, ನಾನೇ ರಾಜ. ಒಂದು ಪಾತ್ರ ಹಿಡಿದ ಮೇಲೆ ಕೊನೆಯವರೆಗೆ ಅದರ ಪಕ್ಷ ಬಿಟ್ಟುಕೊಡಬಾರದು. ನಾನು ಹುಟ್ಟಿದಂದಿನಿಂದ ಕೇಳಿದ್ದು ಅದನ್ನೇ. ಮೈಕ್ ಕೈಗೆ ಬಂದರೆ ನನ್ನ ಬಾಯಲ್ಲಿ 'ಅವಳು' ಬರುವುದೇ ಇಲ್ಲ.

ಹೆಡ್‌ಮಾಸ್ಟರು ನೋಟುಬುಕ್ ತೆಗೆದುಕೊಂಡು ಎಲ್ಲ 'ನಾನು'ಗಳನ್ನೂ ಕೆಂಪು ಶಾಯಿಯಲ್ಲಿ ಹೊಡೆದರು. ನಲವತ್ತು ಎಣಿಕೆಯ ಜಾಗದಲ್ಲಿ ತಾವೇ ಬರೆದರು: 'ಇವಳು ಯಂತ್ರದಂತೆ ನಿಂತಿದ್ದಾಳೆ. ತದ್ರೂಪಿಗಳಿಗೆ ನಿಜವಾದ ಭಾವನೆಗಳಿರುವುದಿಲ್ಲ.'

"ಆದರೆ ರೊಟ್ಟಿ ಮುರಿದು ಕೊಡ್ತಾರಲ್ಲ ಸರ್?" ಎಂದು ಕೇಳಿದೆ.

"ಅದು ಅಭ್ಯಾಸ ಬಲ. ಮಕ್ಕಳು ನೋಡುವ ಪಿಚ್ಚರು. ತಪ್ಪು ತಿಳುವಳಿಕೆ ಆಗಬಾರದು."

ಪುತ್ತೂರಿನ ಪ್ರದರ್ಶನ ಶನಿವಾರ ಮಧ್ಯಾಹ್ನ ಮೂರಕ್ಕೆ, ಶಾಲೆಯ ಹಾಲಿನಲ್ಲಿ. ಕಿಟಕಿಗಳಿಗೆ ಗೋಣಿ ಸಾಲದೆ ಅಧ್ಯಾಪಕರೆಲ್ಲ ತಮ್ಮ ಕಪ್ಪು ಕೊಡೆಗಳನ್ನು ಬಿಡಿಸಿ ಸರಳುಗಳಿಗೆ ಕಟ್ಟಿದರು. ನಾನು ಪ್ರೊಜೆಕ್ಟರಿನ ಪಕ್ಕದಲ್ಲಿ ಕೆಂಪು ಕಾಗದ ಸುತ್ತಿದ ಟಾರ್ಚು ಹಿಡಿದು ಕೆಂಪು ಶಾಯಿಯ ಪಾಠವನ್ನು ತಪ್ಪಿಲ್ಲದೆ ಓದಿದೆ. ಅವಳು ಬಂದಳು, ಅವಳು ಹೋದಳು. ಇಪ್ಪತ್ತು ನಿಮಿಷದಲ್ಲಿ ಹಿಂದಿನ ಸಾಲಿನವರು ಮಾತಿಗೆ ತೊಡಗಿದರು. ನಲವತ್ತು ಎಣಿಕೆಯಲ್ಲಿ 'ನಿಜವಾದ ಭಾವನೆಗಳಿರುವುದಿಲ್ಲ' ಎಂದು ನಾನು ಓದಿದಾಗ ಪರದೆಯ ಮೇಲೆ ಅವಳ ಮುಖ ಹತ್ತಿರದಿಂದ ಕಾಣುತ್ತಿತ್ತು.

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಗಟ್ಟಿಯಾಗಿ, "ಎಂತ ಇಲ್ಲ? ಕಣ್ಣೀರು ಬರ್ತಾ ಉಂಟಲ್ಲ" ಎಂದಳು.

ಹಾಲಿಗೆ ಹಾಲೇ ನಕ್ಕಿತು. ನನಗೆ ಸುಳ್ಳು ಹೇಳಿ ಸಿಕ್ಕಿಬಿದ್ದ ಹಾಗಾಯಿತು.

ಮರುದಿನ ಸುಳ್ಯ. ಮರ್ಕಂಜ, ಪಂಜದ ಕಡೆಯಿಂದೆಲ್ಲ ಜನ ಬಂದಿದ್ದರು. ಮೊದಲ ರೀಲು ಅರ್ಧವಾಗುವಾಗ ಸಿನಿಮಾದ ಸ್ವರ ನಿಂತಿತು. ಫಿಲ್ಮಿನ ಅಂಚಿನ ಗೆರೆಯಿಂದ ಸ್ವರ ಎತ್ತಿಕೊಡುವ ಒಂದು ಸಣ್ಣ ಬಲ್ಬು ಪ್ರೊಜೆಕ್ಟರಿನಲ್ಲಿದೆ. ಅದು ಸುಟ್ಟುಹೋಗಿತ್ತು. ಬದಲಿ ಬಲ್ಬು ಪುತ್ತೂರಿನ ಅಂಗಡಿಯ ಡ್ರಾಯರಿನಲ್ಲಿ. ಭಾವ ಹಣೆಗೆ ಕೈ ಹಚ್ಚಿಕೊಂಡರು.

"ನಿಲ್ಲಿಸುದಾ?" ಎಂದು ಪಿಸುಗುಟ್ಟಿದರು.

"ಓಡಿಸಿ. ನಾನು ಹೇಳ್ತೇನೆ."

ಆಮೇಲೆ ಆದದ್ದಕ್ಕೆ ನನ್ನ ಬಾಯಿಯೇ ಜವಾಬ್ದಾರಿ. ಅಷ್ಟೂ ಜನರ ಮಾತನ್ನು ಒಬ್ಬಳೇ ಹೇಳಬೇಕಾದಾಗ ಕೆಂಪು ಶಾಯಿ ಎಲ್ಲಿ ನೆನಪಿರುತ್ತದೆ. ವಿಜ್ಞಾನಿಗೆ ಗಡಸು ಸ್ವರ, ಡಾಕ್ಟರಿಗೆ ನಿಧಾನದ ಸ್ವರ, ತದ್ರೂಪಿಗೆ ನನ್ನದೇ ಸ್ವರ. ಎಲ್ಲರೂ 'ನಾನು' ಎಂದೇ ಮಾತಾಡಿದರು. ಹಾಲಿನಲ್ಲಿ ಕೆಮ್ಮು ಕೂಡ ಕೇಳಲಿಲ್ಲ. ನಲವತ್ತು ಎಣಿಕೆ ಬಂದಾಗ ಮಾತ್ರ ಹೆಡ್‌ಮಾಸ್ಟರು ಬರೆದದ್ದನ್ನು ಓದಲು ನಾಲಗೆ ಏಳಲಿಲ್ಲ. ನನ್ನದಾಗಿ ಹೇಳಲು ಧೈರ್ಯವೂ ಬರಲಿಲ್ಲ. ಸುಮ್ಮನಿದ್ದೆ. ಸ್ವರವಿಲ್ಲದ ಪ್ರೊಜೆಕ್ಟರಿನ ಕಟಕಟ ಮಾತ್ರ ಕೇಳುತ್ತಿತ್ತು.

"ಅವಳೆಂತ ಹೇಳ್ತಾಳೆ ಮಾರಾಯ್ರೆ?" ಎಂದು ಯಾರೋ ಕೇಳಿದರು.

ಮುಗಿದ ಮೇಲೆ ಹೆಡ್‌ಮಾಸ್ಟರು ಎದ್ದುನಿಂತು, ತದ್ರೂಪಿಗಳಿಗೆ ಭಾವನೆ ಇರುವುದಿಲ್ಲವೆಂದು ವಿವರಿಸಲು ಹೊರಟರು. ಪಂಜದಿಂದ ಬಂದ ರಬ್ಬರು ಕೃಷಿಕರೊಬ್ಬರು ಕೂತಲ್ಲಿಂದಲೇ ತಡೆದರು.

"ಮೇಷ್ಟ್ರೆ, ನನ್ನ ತೋಟದಲ್ಲಿ ಇರುವ ರಬ್ಬರು ಎಲ್ಲ ಒಂದೇ ಮರದ ಕಣ್ಣು ಕೂರಿಸಿ ಕಸಿ ಮಾಡಿದ್ದು. ನೀವು ಹೇಳುವ ತದ್ರೂಪಿಯೇ. ಆದರೆ ಒಂದೊಂದು ಮರ ಹಾಲು ಕೊಡುದು ಒಂದೊಂದು ನಮೂನೆ. ಹಾಲು ಅಪ್ಪನ ಮರದ್ದು ಹೇಳ್ಲಿಕ್ಕೆ ಆಗ್ತದಾ? ಬಿಸಿಲು ಮಳೆಗೆ ನಿಂತದ್ದು ಅದೇ ಅಲ್ವಾ?"

ಜನ ತಲೆಯಾಡಿಸಿದರು. ಹೆಡ್‌ಮಾಸ್ಟರು ಗಿಡ ಬೇರೆ ಮನುಷ್ಯ ಬೇರೆ ಎಂದರು. ಅವರ ಕಣ್ಣು ಮಾತ್ರ ನನ್ನ ಮೇಲಿತ್ತು.

ಬುಧವಾರ ಅವರು ಅಂಗಡಿಗೆ ಬಂದರು. ನಾನು ಹಿಂದಿನ ಕೋಣೆಯಲ್ಲಿ ಗೀರು ಬಿದ್ದ ಎರಡನೇ ರೀಲನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಕಡಬಕ್ಕೆ ಬೇರೆಯವರನ್ನು ಗೊತ್ತು ಮಾಡೋಣ, ಈ ಟೀಚರು ವಿಜ್ಞಾನವನ್ನು ಯಕ್ಷಗಾನ ಮಾಡುತ್ತಾರೆ ಎಂದು ಹೇಳುವುದು ಕೇಳಿಸಿತು. ಭಾವ ಏನು ಹೇಳುತ್ತಾರೆಂದು ಒರೆಸುವುದು ನಿಲ್ಲಿಸಿ ಕೂತೆ.

"ಆಗ್ಲಿಕ್ಕಿಲ್ಲ ಮೇಷ್ಟ್ರೆ. ಅವಳು ಬೆರಳು ಎತ್ತಿದಾಗ ನಾನು ಸ್ವರ ಇಳಿಸುದು. ಬೇರೆಯವರ ಬೆರಳು ನನಗೆ ಗೊತ್ತಾಗುದಿಲ್ಲ. ಅವಳಿಲ್ಲದಿದ್ದರೆ ಮಿಷನು ಬರುದಿಲ್ಲ."

ಹೆಡ್‌ಮಾಸ್ಟರು ಗೊಣಗುತ್ತಾ ಹೋದರು. ಆ ಸಂಜೆ ಮನೆಗೆ ಹೋಗುವಾಗ ನಾನು ತಿರುವು ತಪ್ಪಿ ಒಂದೇ ಬೀದಿಯನ್ನು ಎರಡು ಸಲ ಸುತ್ತಿದೆ. ಅವರಿಗೆ ನನ್ನ ಬೆರಳು ಗೊತ್ತು. ಹಾಗಾದರೆ ಆ ಹೆಸರು ಹಿಡಿದು ಕರೆದದ್ದೇಕೆ? ನನ್ನ ಪಕ್ಷಕ್ಕೂ ಎದುರು ಪಕ್ಷಕ್ಕೂ ನಾನೇ ವಾದ ಮಾಡಿ ಸುಸ್ತಾದೆ. ಮನೆಯಲ್ಲಿ ಅಪ್ಪ, "ಸೋಮವಾರ ವರ್ಷಾಂತ. ಆದಿತ್ಯವಾರ ನಿನ್ನ ಮಾತು ಬೇಕು" ಎಂದರು. ಕಡಬದ ಪ್ರದರ್ಶನ ಶನಿವಾರವಿತ್ತು.

ಶನಿವಾರ ಬಾಡಿಗೆ ಜೀಪಿನಲ್ಲಿ ಹೊರಟೆವು. ಪೆರಾಬೆಯಲ್ಲಿ ಟಯರು ಪಂಕ್ಚರ್. ಡ್ರೈವರು ರೇಡಿಯೇಟರಿಗೆ ನೀರು ಹುಡುಕಿಕೊಂಡು ಹೋದ. ಭಾವ ಅಂಗಿಯ ಕೈ ಮಡಚಿ ಜಾಕ್ ಹಾಕಿದರು. ನಾನು ರಸ್ತೆ ಬದಿ ಫಿಲ್ಮಿನ ಪೆಟ್ಟಿಗೆಯ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ನಾವಿಬ್ಬರೇ ಇದ್ದೆವು. ಈಗ ಕೇಳದಿದ್ದರೆ ಮತ್ತೆ ಕೇಳಲು ಹೊತ್ತಿಲ್ಲ.

"ಭಾವ" ಎಂದೆ.

"ಆ ಸ್ಪ್ಯಾನರ್ ಕೊಡು."

ಕೊಟ್ಟೆ. ಅವರು ತಲೆಯೆತ್ತಿ, "ಎಂತ ಹೇಳ್ಲಿಕ್ಕೆ ಇತ್ತು?" ಎಂದು ಕೇಳಿದರು. ನಾಲ್ಕು ನೂರು ಜನರ ಮುಂದೆ ಮೈಕ್ ಹಿಡಿದು ಮಾತಾಡಿದವಳಿಗೆ ಒಬ್ಬನ ಮುಂದೆ ಆಗಲಿಲ್ಲ. "ಎಂತ ಇಲ್ಲ" ಎಂದೆ. ಟಯರು ಬದಲಾಯಿಸಿ ಮುಗಿಯುವಷ್ಟರಲ್ಲಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ನನ್ನದಾಗಿ ಹೇಳಲಾಗದ್ದನ್ನು ಪಾತ್ರವಾಗಿ ಹೇಳುವುದು ಎಂದು.

ಕಡಬದ ಶಾಲೆಯಲ್ಲಿ ಜನ ಆಗಲೇ ಸೇರಿದ್ದರು. ಮಿಷನು ಇಳಿಸಿ, ಸ್ಟೆಬಿಲೈಸರಿಗೆ ವಯರು ಜೋಡಿಸಿ, ಹೊಸ ಬಲ್ಬು ಹಾಕಿ, ಸ್ವರ ಪರೀಕ್ಷೆ ಮಾಡಿ ಶುರು ಮಾಡುವಾಗ ಅರ್ಧ ಗಂಟೆ ತಡ. ಹೆಡ್‌ಮಾಸ್ಟರು ಮೊದಲ ಸಾಲಿನಲ್ಲಿ ಕೂತಿದ್ದರು. ಮೂರನೇ ರೀಲು ಹಾಕುವಾಗ ನಾನು ಭಾವನ ಕಿವಿಯ ಹತ್ತಿರ ಹೋದೆ.

"ಅವಳು ಸುಮ್ಮನೆ ನಿಲ್ಲುವಲ್ಲಿ ಸ್ವರ ಪೂರ್ತಿ ಇಳಿಸಿ. ಸಂಗೀತವೂ ಬೇಡ."

"ಅಲ್ಲಿ ಮೇಷ್ಟ್ರು ಬರೆದದ್ದು ಎರಡು ಸಾಲು ಅಲ್ವಾ?"

"ಅದಲ್ಲ ಹೇಳುದು."

ಅವರು ಗುಂಡಿಯ ಮೇಲೆ ಕೈಯಿಟ್ಟುಕೊಂಡರು. ವಿಜ್ಞಾನಿ, ಈ ಪ್ರೀತಿ ಸತ್ತವಳದ್ದು ಎಂದ. ಅದನ್ನು ನಾನೇ ಗಡಸು ಸ್ವರದಲ್ಲಿ ಹೇಳಿ ಮುಗಿಸಿ, ಎತ್ತಿದ್ದ ಬೆರಳನ್ನು ಹಾಗೇ ಹಿಡಿದೆ. ಸ್ವರ ಪೂರ್ತಿ ಇಳಿಯಿತು. ಟಾರ್ಚು ಆರಿಸಿದೆ.

"ನೀವು ಅವಳ ಕೋಟು ಕೊಟ್ಟಿರಿ, ತೊಟ್ಟುಕೊಂಡೆ. ಅವಳ ಹೆಸರು ಹಿಡಿದು ಕರೆದಿರಿ, ಓಗೊಟ್ಟೆ. ಅದು ನನ್ನ ತಪ್ಪು. ಆದರೆ ನಿಮ್ಮ ಹೆಜ್ಜೆ ಕೇಳಿದಾಗ ನನ್ನ ಎದೆಯಲ್ಲಿ ಆಗುವುದು ಅವಳು ಬಿಟ್ಟುಹೋದದ್ದಲ್ಲ. ನೀವು ತಲೆ ಬಗ್ಗಿಸಿ ಕೆಲಸ ಮಾಡುವುದನ್ನು, ಊದಿ ಧೂಳು ಹಾರಿಸುವುದನ್ನು ನೋಡುತ್ತಾ ಕೂತು ನನಗೇ ಆದದ್ದು. ಅವಳು ನಿಮ್ಮನ್ನು ಪ್ರೀತಿಸಿದ್ದಳು, ಹೌದು. ಈಗ ಪ್ರೀತಿಸುತ್ತಿರುವವಳು ನಾನು. ಇದನ್ನು ನನ್ನದೆಂದು ತೆಗೆದುಕೊಳ್ಳುವುದಾದರೆ ಇಲ್ಲೇ ನಿಲ್ಲುತ್ತೇನೆ. ಅವಳದ್ದೆಂದು ತೆಗೆದುಕೊಳ್ಳುವುದಾದರೆ ನನ್ನನ್ನು ಹೋಗಲು ಬಿಡಿ."

ಕೊನೆಯ ಮಾತಿಗೆ ಮೊದಲೇ ಪರದೆಯ ಮೇಲಿನವಳು ಬಾಗಿಲು ತೆರೆದಾಗಿತ್ತು. ನಲವತ್ತು ಎಣಿಕೆ ಸಾಲಲಿಲ್ಲ. ಆ ಸಿನಿಮಾದ ವಿಜ್ಞಾನಿ ಎಲ್ಲೂ ಊದಿ ಧೂಳು ಹಾರಿಸುವುದಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ. ಹಾಲಿನಲ್ಲಿ ಒಬ್ಬರಿಬ್ಬರು ಮೂಗು ಒರೆಸಿಕೊಂಡರು. ನಾನು ಸ್ವರ ಏರಿಸಲು ಬೆರಳು ಇಳಿಸಿದೆ. ಸ್ವರ ಏರಲಿಲ್ಲ. ಉಳಿದ ಐದು ನಿಮಿಷ ಸಿನಿಮಾ ಮೂಕವಾಗಿಯೇ ಓಡಿತು. ರೀಲು ಮುಗಿದು, ಫಿಲ್ಮಿನ ಬಾಲ ಪಟಪಟ ಹೊಡೆಯುತ್ತಾ ತಿರುಗಿತು. ಪರದೆ ಬೆಳ್ಳಗೆ ಉಳಿಯಿತು. ಭಾವ ಲ್ಯಾಂಪ್ ಆರಿಸಲಿಲ್ಲ. ಅವರ ಕೆಲಸದಲ್ಲಿ ಅಂಥದ್ದು ಆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಜನ ಶಿಳ್ಳೆ ಹಾಕಿದ ಮೇಲೆ ಎಚ್ಚೆತ್ತು ಸ್ವಿಚ್ಚಿಗೆ ಕೈ ಹಾಕಿದರು.

ಹೆಡ್‌ಮಾಸ್ಟರು ನನ್ನ ಹತ್ತಿರ ಬಂದರು. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ವಿಜ್ಞಾನದ ಪ್ರಕಾರ ಸರಿಯಲ್ಲ" ಎಂದಷ್ಟೇ ಹೇಳಿ ಹೋದರು.

ಪೆಟ್ಟಿಗೆ ಹಿಂದಿರುಗಿಸುವ ಮೊದಲು ಮೂರು ರೀಲುಗಳನ್ನೂ ಮೊದಲಿನ ಹಾಗೆ ಸುತ್ತಬೇಕು. ಜನ ಹೋದ ಮೇಲೆ ಅಧ್ಯಾಪಕರು ಕಿಟಕಿಗೆ ಕಟ್ಟಿದ್ದ ಕೊಡೆ ಬಿಚ್ಚಿಕೊಂಡು ಹೋದರು. ಹಾಲಿಗೆ ಸಂಜೆಯ ಬಿಸಿಲು ಬಂತು. ಮೇಜಿನ ಮೇಲೆ ಸುತ್ತುವ ಯಂತ್ರ ಇಟ್ಟು ಭಾವ ಹಿಡಿ ತಿರುಗಿಸಿದರು. ನಾನು ಬಟ್ಟೆಯ ನಡುವೆ ಫಿಲ್ಮು ಹಿಡಿದುಕೊಂಡೆ. ಒಂದು ರೀಲು ಮುಗಿದು ಎರಡನೆಯದನ್ನು ಹಾಕಿದರು.

"ಕೊನೆಗೆ ಹೇಳಿದ್ದು ಪುಸ್ತಕದಲ್ಲಿ ಇರ್ಲಿಲ್ಲ" ಎಂದರು.

"ಇರ್ಲಿಲ್ಲ."

"ನನಗೆ ಹೇಳಿದ್ದಾ?"

"ಹೌದು."

ಅವರು ಹಿಡಿ ತಿರುಗಿಸುವುದು ನಿಲ್ಲಿಸಿದರು.

"ನಿನ್ನ ಹತ್ರ ಸುಳ್ಳು ಹೇಳ್ಲಿಕ್ಕೆ ನನಗೆ ಬರುದಿಲ್ಲ ಮಾರಾಯ್ತಿ. ನೀನು ಹೇಳುವಾಗ ನಾನು ಕಣ್ಣು ಮುಚ್ಚಿದೆ. ನಿನ್ನ ಮಾತನ್ನೇ ಸರಿ ಕೇಳ್ಬೇಕು ಹೇಳಿ ಮುಚ್ಚಿದ್ದು. ನನಗೆ ಕೇಳಿಸಿದ್ದು ಅವಳು. ನಿಮ್ಮಿಬ್ಬರದ್ದು ಸ್ವರ ಒಂದೇ."

"ಕಣ್ಣು ಬಿಟ್ಟರೆ?"

"ಬಿಟ್ಟರೆ ನೀನು. ಆಗ ನನಗೆ ಬೇಜಾರಾಗ್ತದೆ, ಅವಳಲ್ಲ ಹೇಳಿ." ಹಿಡಿಯಿಂದ ಕೈ ತೆಗೆದರು. "ನಿನ್ನಲ್ಲಿ ಎಂತ ಕಮ್ಮಿಯೂ ಇಲ್ಲ. ನೀನು ಬಂದರೆ ನನಗೆ ಸುಖವೇ. ಆದರೆ ಒಬ್ಬ ಮನುಷ್ಯ ದಿನಾ ಬೆಳಿಗ್ಗೆ ನಿನ್ನ ಮುಖ ನೋಡಿ ಬೇಜಾರು ಮಾಡುದು, ಅದು ನಿನಗೆ ಬೇಡ."

ನಾನು ಅಲ್ಲೇ ಅತ್ತೆ. ಫಿಲ್ಮಿನ ಮೇಲೆ ನೀರು ಬೀಳಬಾರದೆಂದು ಮುಖ ತಿರುಗಿಸಿಕೊಂಡು ಅತ್ತೆ, ಬಟ್ಟೆ ಹಿಡಿದ ಕೈ ಬಿಡಲಿಲ್ಲ. ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಮಾತು ನನ್ನ ಪಕ್ಷದ್ದೇ ಆಗಿತ್ತು. ನಾನು ಕೇಳಿದ ಪ್ರಶ್ನೆಗೆ ಅವರು ನಿಜ ಹೇಳಿದ್ದರು.

"ಹಾಗಾದರೆ ಅಪ್ಪನ ಹತ್ರ ನೀವೇ ಹೇಳಿ" ಎಂದೆ.

"ಹೇಳ್ತೇನೆ. ಆದರೆ ನಾನು ಬೇಡ ಹೇಳಿದರೆ, ನಿನ್ನಲ್ಲಿ ಎಂತದೋ ಹುಳುಕು ಉಂಟು ಹೇಳಿ ಊರು ಹೇಳ್ತದೆ. ನೀನು ಬೇಡ ಹೇಳಿದರೆ ನನಗೆ ಎಂತ ಆಗ್ಲಿಕ್ಕೂ ಇಲ್ಲ. ಯೋಚನೆ ಮಾಡು. ನೀನು ಹೇಗೆ ಹೇಳ್ತೀಯ ಹಾಗೆ."

ಉಳಿದ ಎರಡು ರೀಲು ಸುತ್ತಿದೆವು. ಪೆಟ್ಟಿಗೆಗೆ ಹಾಕಿ, ಮುಚ್ಚಳದ ಮೇಲೆ ಬೆಂಗಳೂರಿನ ವಿಳಾಸ ಅಂಟಿಸಿ, ಹಗ್ಗ ಕಟ್ಟಿದೆವು. ಗಂಟು ಹಾಕುವಲ್ಲಿ ಬೆರಳಿಟ್ಟು ಹಿಡಿದವಳು ನಾನು.

ಆದಿತ್ಯವಾರ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಅಮ್ಮ ಬಾಗಿಲಿಗೆ ಆತು ನಿಂತಿದ್ದರು.

"ಎಂತ ತೀರ್ಮಾನ ಮಾಡಿದೆ?"

"ನನಗೆ ಬೇಡ ಅಪ್ಪ."

"ಅವನಲ್ಲಿ ಕೊರತೆ ಎಂತ ಉಂಟು?"

"ಎಂತದೂ ಇಲ್ಲ."

"ಮಗು?"

"ಮಗುವನ್ನು ನಾನು ಹೇಗೂ ನೋಡ್ಕೊಳ್ತೇನೆ."

"ಮತ್ತೆ ಎಂತ?"

ಅಪ್ಪ ಕೈಯ ಎಲೆಯನ್ನು ತಟ್ಟೆಗೆ ಹಾಕಿ ನನ್ನನ್ನು ನೋಡಿದರು. ಎದುರು ಕೂತವರ ಮಾತಿನಲ್ಲಿ ಪೊಳ್ಳು ಎಲ್ಲಿದೆಯೆಂದು ಹಿಡಿಯುವುದರಲ್ಲಿ ಆ ಸೀಮೆಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ನಾನು ಅವರ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ.

"ಭಾವನ ಮೇಲೆ ನನಗೆ ಪ್ರೀತಿ ಎಂತದೂ ಇಲ್ಲ ಅಪ್ಪ. ಮುಂದೆ ಬರುವ ಹಾಗೂ ಕಾಣುದಿಲ್ಲ."

ಅಪ್ಪ, "ಇಲ್ಲದ್ದನ್ನು ಹುಟ್ಟಿಸ್ಲಿಕ್ಕೆ ಆಗುದಿಲ್ಲ, ಬಿಡು" ಎಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ಆ ಎರಡು ವಾರಗಳಲ್ಲಿ ನಾನು ಹೇಳಿದ ಅರ್ಥಗಳಲ್ಲಿ ಕೇಳಿದವರು ಮರುಮಾತಿಲ್ಲದೆ ನಂಬಿದ್ದು ಅದೊಂದನ್ನೇ.